ಹೀಲಿಯಂನ ಹನ್ನೆರಡನೆಯ ಅಂಕಿ

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯ ಮೇಲೆ ಹಾದುಹೋಯಿತು. ಅಲ್ಲಿ ದೂರದರ್ಶಕ ಹೂಡಿ ಕಾದಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಇವರು ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್ ಅವರ ಮಗ. ಚಂದ್ರನ ಅಂಚಿನಾಚೆ ಚಾಚಿದ್ದ ಸೂರ್ಯನ ಕೆಂಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಒಡೆದು ನೋಡಿದಾಗ ಅವರಿಗೆ ಉಜ್ವಲ ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಕಿತ್ತಳೆ ಗೆರೆ ಸೋಡಿಯಂನ ಡಿ ಗೆರೆಯೇ ಎಂದು ಅವರು ವರದಿ ಮಾಡಿದರು. ತಮ್ಮ ಉಪಕರಣಕ್ಕೆ ಎಟುಕುವ ಮಟ್ಟಿಗೆ ಎಂಬ ಮಾತನ್ನೂ ಸೇರಿಸಿದರು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್ ಅದೇ ಜ್ವಾಲೆಗಳನ್ನು ನೋಡುತ್ತಿದ್ದರು. ಎರಡು ತಿಂಗಳ ನಂತರ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಗ್ರಹಣದ ನೆರವಿಲ್ಲದೆಯೇ ಆ ಗೆರೆಯ ಜಾಗವನ್ನು ಹೆಚ್ಚು ಕರಾರುವಾಕ್ಕಾಗಿ ಗುರುತಿಸಿದರು. ಸೋಡಿಯಂನ ಜೋಡಿ ಗೆರೆಗಳು ಇರುವುದು 589.0 ಮತ್ತು 589.6 ನ್ಯಾನೋಮೀಟರಿನಲ್ಲಿ. ಈ ಹೊಸ ಗೆರೆ ಇದ್ದದ್ದು 587.6ರಲ್ಲಿ. ಒಂದೂವರೆ ನ್ಯಾನೋಮೀಟರಿನಷ್ಟೂ ಇಲ್ಲದ ಆ ಅಂತರದಲ್ಲಿ ಹೀಲಿಯಂ ಎಂಬ ಒಂದು ಹೊಸ ಮೂಲವಸ್ತು ಅಡಗಿತ್ತು. ಭೂಮಿಯ ಮೇಲೆ ಅದು ವಿಲಿಯಂ ರಾಮ್ಸೇ ಅವರ ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜದಿಂದ.

ಹೀಲಿಯಂನ ಗೆರೆಗಳನ್ನು ಅಳೆಯುವ ಕೆಲಸ ಅಲ್ಲಿಂದ ಇಂದಿನವರೆಗೂ ನಿಂತಿಲ್ಲ. ಈಗ ಆಮ್‌ಸ್ಟರ್‌ಡ್ಯಾಮ್, ಜ್ಯೂರಿಕ್, ಚೀನಾದ ಹೆಫೆ ಮುಂತಾದ ಕಡೆಯ ಪ್ರಯೋಗಾಲಯಗಳಲ್ಲಿ ಅಳತೆ ಹನ್ನೆರಡನೆಯ ಅಂಕಿಯವರೆಗೆ ಹೋಗಿದೆ. ಬಲೂನಿಗೆ ತುಂಬುವ ಅನಿಲದ ಬಣ್ಣವನ್ನು ಇಷ್ಟು ನಿಖರವಾಗಿ ತಿಳಿದು ಆಗಬೇಕಾದ್ದೇನು ಎಂದು ಯಾರಾದರೂ ಕೇಳಬಹುದು. ಉತ್ತರ ಇಷ್ಟು: ಆ ಕೊನೆಯ ಕೆಲವು ಅಂಕಿಗಳಲ್ಲಿ ಪರಮಾಣುವಿನ ನ್ಯೂಕ್ಲಿಯಸ್ಸಿನ ಗಾತ್ರ ಬರೆದಿರುತ್ತದೆ. ಬೆಳಕು ಮತ್ತು ದ್ರವ್ಯದ ಬಗ್ಗೆ ನಮ್ಮಲ್ಲಿರುವ ಅತ್ಯುತ್ತಮ ಸಿದ್ಧಾಂತ ಸರಿಯೋ ತಪ್ಪೋ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಆ ಅಂಕಿಗಳನ್ನು ಪಡೆಯುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ.

ಎರಡೇ ಎಲೆಕ್ಟ್ರಾನ್, ಆದರೂ ಬಿಡಿಸಲಾಗದ ಲೆಕ್ಕ

ಹೈಡ್ರೋಜನ್ನಿನಲ್ಲಿ ಇರುವುದು ಒಂದು ಎಲೆಕ್ಟ್ರಾನ್. ಅದರ ಸಮೀಕರಣವನ್ನು ಕಾಗದದ ಮೇಲೆ ಪೂರ್ತಿಯಾಗಿ ಬಿಡಿಸಬಹುದು. ಹೀಲಿಯಂನಲ್ಲಿ ಎರಡು. ನ್ಯೂಕ್ಲಿಯಸ್ ಎರಡನ್ನೂ ಎಳೆಯುತ್ತದೆ, ಅವೆರಡೂ ಒಂದನ್ನೊಂದು ದೂಡುತ್ತವೆ. ಮೂರು ಕಾಯಗಳ ಈ ಲೆಕ್ಕಕ್ಕೆ ಒಂದೇ ಸೂತ್ರದಲ್ಲಿ ಹೇಳಬಲ್ಲ ಉತ್ತರವಿಲ್ಲ. ಹಾಗೆಂದು ಅದು ಕೈಗೆ ಸಿಗದ ಲೆಕ್ಕವೂ ಅಲ್ಲ. 1929ರಲ್ಲಿ ನಾರ್ವೆಯ ಎಗಿಲ್ ಹಿಲ್ಲೆರಾಸ್ ಎಲೆಕ್ಟ್ರಾನುಗಳ ನಡುವಿನ ದೂರವನ್ನೇ ಒಂದು ಚರವಾಗಿ ತೆಗೆದುಕೊಂಡು ಉತ್ತರಕ್ಕೆ ಬಹಳ ಹತ್ತಿರ ಹೋಗಬಹುದೆಂದು ತೋರಿಸಿದರು. ಕೆನಡಾದ ಗಾರ್ಡನ್ ಡ್ರೇಕ್ ಮೊದಲಾದವರು ಆ ದಾರಿಯನ್ನು ಕಂಪ್ಯೂಟರಿನ ಬಲದಿಂದ ಎಷ್ಟು ದೂರ ಒಯ್ದಿದ್ದಾರೆಂದರೆ, ಮೂಲ ಸಮೀಕರಣದ ಮಟ್ಟದಲ್ಲಿ ಹೀಲಿಯಂ ಈಗ ಸಮಸ್ಯೆಯೇ ಅಲ್ಲ. ಉಳಿದಿರುವುದು ಅದರ ಮೇಲಿನ ತಿದ್ದುಪಡಿಗಳು: ಸಾಪೇಕ್ಷತಾ ಸಿದ್ಧಾಂತ ತರುವವು, ನ್ಯೂಕ್ಲಿಯಸ್ ಅಲುಗುವುದರಿಂದ ಬರುವವು, ಶೂನ್ಯವೂ ನಿಜವಾಗಿ ಖಾಲಿಯಲ್ಲ ಎನ್ನುವ ಕ್ವಾಂಟಂ ವಿದ್ಯುದ್ಗತಿಶಾಸ್ತ್ರ ತರುವವು. ಕೊನೆಗೆ, ನ್ಯೂಕ್ಲಿಯಸ್ ಬರೀ ಬಿಂದುವಲ್ಲ, ಅದಕ್ಕೂ ಒಂದು ಗಾತ್ರವಿದೆ ಎಂಬ ಕಾರಣಕ್ಕೆ ಬರುವ ಒಂದು ಪುಟ್ಟ ತಿದ್ದುಪಡಿ.

ಲೆಕ್ಕ ಹಾಕಬಲ್ಲಷ್ಟು ಸರಳ, ಸಿದ್ಧಾಂತವನ್ನು ನಿಜವಾಗಿ ಪರೀಕ್ಷಿಸುವಷ್ಟು ಜಟಿಲ. ಇವೆರಡೂ ಒಟ್ಟಿಗೆ ಇರುವುದರಿಂದಲೇ ಹೀಲಿಯಂಗೆ ಭೌತವಿಜ್ಞಾನದಲ್ಲಿ ಈ ಬೆಲೆ.

ಎರಡು ಗಂಟೆ ಬಾಳುವ ಉದ್ರಿಕ್ತ ಪರಮಾಣು

ಪರಮಾಣುವಿನ ಎಲೆಕ್ಟ್ರಾನ್ ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಜಿಗಿಯಬೇಕಾದರೆ ಆ ಎರಡು ಮಟ್ಟಗಳ ಅಂತರಕ್ಕೆ ಸರಿಯಾಗಿ ಹೊಂದುವ ಆವೃತ್ತಿಯ ಬೆಳಕು ಬೇಕು. ಲೇಸರಿನ ಆವೃತ್ತಿಯನ್ನು ನಿಧಾನವಾಗಿ ಬದಲಿಸುತ್ತಾ ಹೋಗಿ, ಯಾವ ಹಂತದಲ್ಲಿ ಪರಮಾಣು ಜಿಗಿಯುತ್ತದೆಂದು ನೋಡಿದರೆ ಅಂತರ ಗೊತ್ತಾಗುತ್ತದೆ. ಲೇಸರ್ ರೋಹಿತಶಾಸ್ತ್ರದ ಸಾರಾಂಶ ಇಷ್ಟೇ.

ಆದರೆ ತನ್ನ ಪಾಡಿಗೆ ಕೆಳಮಟ್ಟದಲ್ಲಿ ಕುಳಿತ ಹೀಲಿಯಂ ಲೇಸರಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ಒಂದೇ ಫೋಟಾನಿನಿಂದ ಮೇಲೆಬ್ಬಿಸಲು ಬೇಕಾದ್ದು 58.4 ನ್ಯಾನೋಮೀಟರ್ ಅಥವಾ ಅದಕ್ಕೂ ಕಿರಿದಾದ ಅತಿನೇರಳೆ ಬೆಳಕು. ಆ ಬೆಳಕನ್ನು ಗಾಳಿಯೂ ನುಂಗುತ್ತದೆ, ಗಾಜೂ ನುಂಗುತ್ತದೆ. ಅಂಥ ಲೇಸರ್ ತಯಾರಿಸಿ ಅಳತೆ ಮಾಡಿದವರೂ ಇದ್ದಾರೆ. ಆದರೂ ಹೆಚ್ಚಿನವರು ಹಿಡಿದಿರುವುದು ಬಳಸುದಾರಿಯನ್ನು.

ಆ ದಾರಿಯ ಗುಟ್ಟು ಎಲೆಕ್ಟ್ರಾನುಗಳ ಸ್ಪಿನ್ನಿನಲ್ಲಿದೆ. ಹೀಲಿಯಂನ ಎರಡು ಎಲೆಕ್ಟ್ರಾನುಗಳ ಸ್ಪಿನ್ ಒಂದಕ್ಕೊಂದು ವಿರುದ್ಧವಾಗಿದ್ದರೆ ಏಕಕ ಸ್ಥಿತಿ, ಒಂದೇ ದಿಕ್ಕಿನಲ್ಲಿದ್ದರೆ ತ್ರಿಕ ಸ್ಥಿತಿ. ಹೀಲಿಯಂನ ರೋಹಿತ ಏಕೆ ಎರಡು ಬೇರೆ ಅನಿಲಗಳ ರೋಹಿತದಂತೆ ಕಾಣುತ್ತದೆ ಎಂಬ ಒಗಟನ್ನು 1926ರಲ್ಲಿ ಹೈಸೆನ್‌ಬರ್ಗ್ ಬಿಡಿಸಿದ್ದು ಈ ಎರಡು ಬಗೆಗಳಿಂದಲೇ. ಬೆಳಕು ಸಾಮಾನ್ಯವಾಗಿ ಸ್ಪಿನ್ನನ್ನು ತಿರುಗಿಸಲಾರದು. ಹಾಗಾಗಿ ಒಮ್ಮೆ ತ್ರಿಕ ಸ್ಥಿತಿಯ ಅತ್ಯಂತ ಕೆಳಗಿನ ಮಟ್ಟಕ್ಕೆ ಬಂದ ಪರಮಾಣುವಿಗೆ ಅಲ್ಲಿಂದ ಇಳಿಯಲು ದಾರಿಯೇ ಸಿಗುವುದಿಲ್ಲ. ಅದು ಸರಾಸರಿ 7,900 ಸೆಕೆಂಡ್, ಅಂದರೆ ಎರಡು ಗಂಟೆಗೂ ಹೆಚ್ಚು ಹೊತ್ತು ಹಾಗೆಯೇ ಇರುತ್ತದೆ. ಸಾಮಾನ್ಯ ಉದ್ರಿಕ್ತ ಸ್ಥಿತಿಗಳು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನೊಳಗೆ ಮುಗಿದುಹೋಗುವಾಗ ಇದು ಅಸಾಧಾರಣ ಆಯಸ್ಸು. ಪ್ರಯೋಗದ ಮಟ್ಟಿಗೆ ಈ ಅರೆಸ್ಥಿರ ಮಟ್ಟವನ್ನೇ ನೆಲಮಟ್ಟವೆಂದು ಭಾವಿಸಬಹುದು. ಇಲ್ಲಿಂದ ಮುಂದಿನ ಜಿಗಿತಗಳೆಲ್ಲ ಮಾಮೂಲಿ ಲೇಸರುಗಳಿಗೆ ಎಟುಕುತ್ತವೆ. 1083 ನ್ಯಾನೋಮೀಟರಿನ ಅವಕೆಂಪು ಜಿಗಿತ, 389ರ ನೇರಳೆ ಜಿಗಿತ, 1557ರ ಒಂದು ಅತಿ ದುರ್ಬಲ ಜಿಗಿತ, ಎಲ್ಲವೂ ಶುರುವಾಗುವುದು ಇಲ್ಲಿಂದಲೇ.

ಈ ಸ್ಥಿತಿಗೆ ಪರಮಾಣುವನ್ನು ಏರಿಸುವ ಕೆಲಸ ಮಾತ್ರ ಒರಟಾದದ್ದು. ಹೀಲಿಯಂ ಅನಿಲವನ್ನು ದ್ರವ ನೈಟ್ರೋಜನ್ನಿನಿಂದ ತಂಪಾಗಿಸಿದ ಸಣ್ಣ ರಂಧ್ರದ ಮೂಲಕ ನಿರ್ವಾತಕ್ಕೆ ಬಿಡುತ್ತಾ ಅದರಲ್ಲಿ ವಿದ್ಯುತ್ ಹರಿಸುತ್ತಾರೆ. ನಿಯಾನ್ ದೀಪದೊಳಗೆ ನಡೆಯುವಂಥದೇ ವಿಸರ್ಜನೆ. ಎಲೆಕ್ಟ್ರಾನುಗಳ ಪೆಟ್ಟಿಗೆ ಸಿಕ್ಕಿ, ಹತ್ತು ಸಾವಿರಕ್ಕೆ ಒಂದು ಪರಮಾಣು ಬೇಕಾದ ಸ್ಥಿತಿಗೆ ಬಂದರೂ ಅದು ದೊಡ್ಡ ಫಸಲು. ಉಳಿದದ್ದನ್ನೆಲ್ಲ ಪಂಪುಗಳು ಹೊರಗೆಳೆಯುತ್ತವೆ.

ಬಂದ ಪರಮಾಣುವನ್ನು ಪತ್ತೆಮಾಡುವುದು ಇಲ್ಲಿ ಬಲು ಸುಲಭ. ಅದರೊಳಗೆ 19.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೂತಿದೆ. ಯಾವ ಲೋಹಕ್ಕೆ ತಾಗಿದರೂ ಅಲ್ಲಿಂದ ಒಂದು ಎಲೆಕ್ಟ್ರಾನನ್ನು ಹೊರದೂಡಲು ಅಷ್ಟು ಧಾರಾಳವಾಗಿ ಸಾಕು. ಹೊರಬಿದ್ದ ಎಲೆಕ್ಟ್ರಾನನ್ನು ಹಲವು ಪಟ್ಟು ವರ್ಧಿಸಿ ಎಣಿಸಿದರೆ, ಒಂದೊಂದು ಪರಮಾಣು ಬಂದದ್ದೂ ಲೆಕ್ಕಕ್ಕೆ ಸಿಗುತ್ತದೆ.

ಓಡುವ ಪರಮಾಣುವನ್ನು ನಿಲ್ಲಿಸುವುದು

ದ್ರವ ನೈಟ್ರೋಜನ್ನಿನ ತಂಪಿನಲ್ಲೂ ಹೀಲಿಯಂ ಪರಮಾಣು ಸೆಕೆಂಡಿಗೆ ಸಾವಿರ ಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಡಾಪ್ಲರ್ ಪರಿಣಾಮದಿಂದಾಗಿ ಎದುರು ಬರುವ ಬೆಳಕಿನ ಆವೃತ್ತಿ ಅದಕ್ಕೆ ಹೆಚ್ಚಾಗಿ ತೋರುತ್ತದೆ, ಹಿಂದಿನಿಂದ ಬರುವುದು ಕಡಿಮೆಯಾಗಿ. 1083 ನ್ಯಾನೋಮೀಟರಿನ ಬೆಳಕಿನಲ್ಲಿ ಆ ವೇಗಕ್ಕೆ ವ್ಯತ್ಯಾಸ 900 ಮೆಗಾಹರ್ಟ್ಸ್‌ಗೂ ಹೆಚ್ಚು. ಸೆಕೆಂಡಿಗೆ ಒಂದು ಸೆಂಟಿಮೀಟರ್ ತೆವಳಿದರೂ ಒಂಬತ್ತು ಕಿಲೋಹರ್ಟ್ಸ್ ತಪ್ಪು. ಅಳೆಯಬೇಕಾದ್ದು ಒಂದು ಕಿಲೋಹರ್ಟ್ಸ್‌ನ ಮಟ್ಟದಲ್ಲಿ ಎಂದಾದರೆ ಪರಮಾಣುವಿನ ಚಲನೆಯೇ ಮೊದಲ ಶತ್ರು.

ಇದಕ್ಕೆ ಲೇಸರೇ ಮದ್ದು. ಪರಮಾಣು ಎದುರಿನಿಂದ ಬಂದ ಒಂದು ಫೋಟಾನನ್ನು ಹೀರಿದಾಗಲೆಲ್ಲ ಸೆಕೆಂಡಿಗೆ 9.2 ಸೆಂಟಿಮೀಟರಿನಷ್ಟು ವೇಗ ಕಳೆದುಕೊಳ್ಳುತ್ತದೆ. ಸಾವಿರ ಮೀಟರ್ ವೇಗದ್ದನ್ನು ನಿಲ್ಲಿಸಲು ಸುಮಾರು ಹನ್ನೊಂದು ಸಾವಿರ ಫೋಟಾನು ಬೇಕು. ಪರಮಾಣು ಒಂದೆರಡು ಮೀಟರ್ ಉದ್ದದ ಕೊಳವೆಯನ್ನು ದಾಟುವಷ್ಟರಲ್ಲಿ ಇದು ಸಾಧ್ಯವಾಗುತ್ತದೆ. ಕೊಳವೆಯ ತುದಿಯಲ್ಲಿ ಆರು ದಿಕ್ಕಿನ ಲೇಸರ್ ಕಿರಣಗಳೂ ಕಾಂತಕ್ಷೇತ್ರವೂ ಸೇರಿ ಮಾಡಿದ ಬೋನಿನಲ್ಲಿ ಪರಮಾಣುಗಳು ಸಿಕ್ಕಿಬೀಳುತ್ತವೆ. ಆಮೇಲೆ ಅವುಗಳಲ್ಲಿ ಹೆಚ್ಚು ಬಿಸಿಯಾದವನ್ನು ಹೊರಬಿಡುತ್ತಾ ಹೋದರೆ ಉಳಿದದ್ದು ಇನ್ನಷ್ಟು ತಣ್ಣಗಾಗಿ, ಕೊನೆಗೆ ಎಲ್ಲ ಪರಮಾಣುಗಳೂ ಒಂದೇ ಕ್ವಾಂಟಂ ಸ್ಥಿತಿಗೆ ಇಳಿಯುತ್ತವೆ. ನಮ್ಮ ಸತ್ಯೇಂದ್ರನಾಥ ಬೋಸರ ಹೆಸರು ಹೊತ್ತ ಬೋಸ್-ಐನ್‌ಸ್ಟೈನ್ ಸಾಂದ್ರಿತವೆಂದರೆ ಇದೇ. ಅರೆಸ್ಥಿರ ಹೀಲಿಯಂನಲ್ಲಿ ಅದು ಮೊದಲು ಆದದ್ದು 2001ರಲ್ಲಿ, ಫ್ರಾನ್ಸಿನ ಎರಡು ಪ್ರಯೋಗಾಲಯಗಳಲ್ಲಿ.

ಎಲ್ಲರೂ ನಿಲ್ಲಿಸಿಯೇ ಅಳೆಯುತ್ತಾರೆಂದಲ್ಲ. ಹೆಫೆಯ ಗುಂಪು ಓಡುವ ಪರಮಾಣುಗಳ ಕಿರಣಕ್ಕೆ ಲಂಬವಾಗಿ ಲೇಸರ್ ಹಾಯಿಸಿ, ಅದೇ ಬೆಳಕನ್ನು ಕನ್ನಡಿಯಿಂದ ಹಿಂದಿರುಗಿಸುತ್ತದೆ. ಎದುರುಬದುರು ಹೋಗುವ ಎರಡು ಕಿರಣಗಳ ಡಾಪ್ಲರ್ ತಪ್ಪುಗಳು ಒಂದನ್ನೊಂದು ಕಳೆಯಬೇಕು ಎಂಬುದು ಲೆಕ್ಕ. ಆ ಲೆಕ್ಕದಲ್ಲಿ ಒಂದು ಸೂಕ್ಷ್ಮ ಬಾಕಿ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಬೆಳಕಿನ ಆವೃತ್ತಿಯನ್ನು ಎಣಿಸುವುದು

1083 ನ್ಯಾನೋಮೀಟರಿನ ಬೆಳಕು ಸೆಕೆಂಡಿಗೆ 276 ಲಕ್ಷ ಕೋಟಿಗೂ ಹೆಚ್ಚು ಬಾರಿ ಕಂಪಿಸುತ್ತದೆ. ಯಾವ ಎಲೆಕ್ಟ್ರಾನಿಕ್ ಉಪಕರಣವೂ ಅದನ್ನು ನೇರವಾಗಿ ಎಣಿಸಲಾರದು. ಹಾಗಾಗಿ 20ನೆಯ ಶತಮಾನದ ಕೊನೆಯವರೆಗೂ ಬೆಳಕಿನ ಆವೃತ್ತಿ ಅಳೆಯುವುದೆಂದರೆ ಒಂದು ಇಡೀ ಕೋಣೆ ತುಂಬುವ ಉಪಕರಣಗಳ ಸರಪಳಿ. ಥಿಯೋಡೋರ್ ಹೆನ್ಶ್ ಮತ್ತು ಜಾನ್ ಹಾಲ್ ಅವರ ಕೆಲಸದಿಂದ ಬೆಳೆದ ಆವೃತ್ತಿ ಬಾಚಣಿಗೆ ಇದನ್ನು ಬದಲಿಸಿತು. 2005ರ ಭೌತವಿಜ್ಞಾನ ನೊಬೆಲಿನ ಅರ್ಧಪಾಲು ಅವರಿಬ್ಬರಿಗೆ ಸಂದಿತು.

ಬಾಚಣಿಗೆ ಕೆಲಸ ಮಾಡುವ ಬಗೆ ಹೀಗೆ. ಒಂದು ಲೇಸರ್ ಅತಿ ಚುಟುಕಾದ ಮಿಡಿತಗಳನ್ನು ಏಕರೀತಿಯ ಅಂತರದಲ್ಲಿ ಬಿಡುತ್ತದೆ. ಗಣಿತದ ನಿಯಮದಂತೆ ಅಂಥ ಮಿಡಿತಗಳ ಸಾಲಿನಲ್ಲಿ ಒಂದೇ ಬಣ್ಣವಲ್ಲ, ಬಾಚಣಿಗೆಯ ಹಲ್ಲುಗಳಂತೆ ಸಮಾನ ಅಂತರದ ಲಕ್ಷಾಂತರ ಬಣ್ಣಗಳಿರುತ್ತವೆ. ಹಲ್ಲುಗಳ ನಡುವಿನ ಅಂತರ ಸೆಕೆಂಡಿಗೆ ಎಷ್ಟು ಮಿಡಿತ ಎಂಬುದಕ್ಕೆ ಸಮ. ಮೊದಲ ಹಲ್ಲು ಸೊನ್ನೆಯಿಂದ ಎಷ್ಟು ಸರಿದಿದೆ ಎಂಬುದು ಇನ್ನೊಂದು ಸಂಖ್ಯೆ. ಈ ಎರಡೂ ರೇಡಿಯೋ ಆವೃತ್ತಿಗಳು, ಆದ್ದರಿಂದ ಎಣಿಸಬಲ್ಲವು. ಅವನ್ನು ಪರಮಾಣು ಗಡಿಯಾರಕ್ಕೆ ಕಟ್ಟಿದರೆ ಪ್ರತಿಯೊಂದು ಹಲ್ಲಿನ ಆವೃತ್ತಿಯೂ ತಿಳಿದಂತೆ. ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳೇ ಒಂದು ಸೆಕೆಂಡ್ ಎಂಬ ಜಾಗತಿಕ ಮಾನಕ್ಕೆ ಹೀಗೆ ಲೇಸರನ್ನು ಜೋಡಿಸುತ್ತಾರೆ. ಹೀಲಿಯಂಗೆ ಹಾಯಿಸುವ ಲೇಸರನ್ನು ಹತ್ತಿರದ ಹಲ್ಲಿನೊಡನೆ ಬೆರೆಸಿ, ಅವೆರಡರ ವ್ಯತ್ಯಾಸದ ಮಿಡಿತವನ್ನಷ್ಟೇ ಎಣಿಸಿದರೆ ಸಾಕು.

ಆಮ್‌ಸ್ಟರ್‌ಡ್ಯಾಮಿನ ದುರ್ಬಲ ಗೆರೆ

1557 ನ್ಯಾನೋಮೀಟರಿನ ಜಿಗಿತದ ಬಗ್ಗೆ ನಾನು ತುಸು ಹೆಚ್ಚು ಬರೆಯಬಯಸುತ್ತೇನೆ. ಈ ಕ್ಷೇತ್ರದ ಜಾಣ್ಮೆಯೆಲ್ಲ ಒಂದೆಡೆ ಸೇರಿದಂತೆ ಕಾಣುವುದು ಅಲ್ಲಿ.

ಇದು ತ್ರಿಕ ಅರೆಸ್ಥಿರ ಮಟ್ಟದಿಂದ ಏಕಕ ಅರೆಸ್ಥಿರ ಮಟ್ಟಕ್ಕೆ ಜಿಗಿತ. ಅಂದರೆ ಸ್ಪಿನ್ ತಿರುಗಬೇಕು. ನಿಯಮದ ಪ್ರಕಾರ ಇದು ನಡೆಯಲೇಬಾರದು. ಆದರೂ ಕಾಂತೀಯ ಪರಿಣಾಮದಿಂದ ಅತಿ ವಿರಳವಾಗಿ ನಡೆಯುತ್ತದೆ. ಮೇಲಿನ ಮಟ್ಟದ ಪರಮಾಣು ಈ ಒಂದೇ ದಾರಿಯಲ್ಲಿ ಇಳಿಯಬೇಕೆಂದಿದ್ದರೆ ಅದಕ್ಕೆ ಸರಾಸರಿ ನಾಲ್ಕು ತಿಂಗಳು ಹಿಡಿಯುತ್ತಿತ್ತು, ಅಷ್ಟು ದುರ್ಬಲ. ದುರ್ಬಲವಾದದ್ದರಿಂದಲೇ ಅದು ಅಮೂಲ್ಯ. ಗೆರೆಯ ಸಹಜ ಅಗಲ ಬರೀ 8 ಹರ್ಟ್ಸ್. ಪಕ್ಕದ 1083ರ ಗೆರೆಯ ಅಗಲ 16 ಲಕ್ಷ ಹರ್ಟ್ಸ್. ದಪ್ಪ ಗೆರೆಯ ನಡುವನ್ನು ಹುಡುಕುವುದಕ್ಕಿಂತ ತೆಳು ಗೆರೆಯ ನಡುವನ್ನು ಹುಡುಕುವುದು ಎಷ್ಟೋ ಸುಲಭ, ಗೆರೆ ಕಣ್ಣಿಗೆ ಬಿದ್ದರೆ ಮಾತ್ರ. ಇನ್ನೊಂದು ಅನುಕೂಲವೂ ಇದೆ. ಈ ತರಂಗಾಂತರ ನಮ್ಮ ಮನೆಗಳಿಗೆ ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರ್ ಉದ್ಯಮ ಬಳಸುವ ಪಟ್ಟಿಯೊಳಗೇ ಬರುತ್ತದೆ. ಹಾಗಾಗಿ ಒಳ್ಳೆಯ ಲೇಸರುಗಳು ಸಿದ್ಧವಾಗಿಯೇ ಸಿಗುತ್ತವೆ.

ಆಮ್‌ಸ್ಟರ್‌ಡ್ಯಾಮಿನ ವ್ರಿಯೆ ವಿಶ್ವವಿದ್ಯಾಲಯದಲ್ಲಿ ವಿಮ್ ವಾಸ್ಸೆನ್ ಅವರ ಗುಂಪು ಹೀಲಿಯಂ ಸಾಂದ್ರಿತವನ್ನು ಲೇಸರ್ ಬೆಳಕಿನದೇ ಬೋನಿನಲ್ಲಿ ತೇಲಿಸಿಟ್ಟು, ಸೆಕೆಂಡುಗಟ್ಟಲೆ 1557ರ ಬೆಳಕನ್ನು ಹಾಯಿಸಿತು. ಜಿಗಿದ ಪರಮಾಣುಗಳು ಬೋನಿನಿಂದ ಕಳೆದುಹೋಗುತ್ತವೆ. ಎಷ್ಟು ಉಳಿದವು ಎಂದು ಎಣಿಸಿದರೆ ಗೆರೆ ಮೂಡುತ್ತದೆ. 2011ರಲ್ಲಿ ಪ್ರಕಟವಾದ ಮೊದಲ ಅಳತೆಯ ಅನಿಶ್ಚಿತತೆ 1.8 ಕಿಲೋಹರ್ಟ್ಸ್. ಅದರಲ್ಲಿ ದೊಡ್ಡ ತಲೆನೋವು ತಂದದ್ದು ಬೋನೇ. ಪರಮಾಣುವನ್ನು ಹಿಡಿದಿಡುವ ಬೆಳಕು ಅದರ ಶಕ್ತಿಮಟ್ಟಗಳನ್ನೂ ಸರಿಸುತ್ತದೆ, ಎರಡು ಮಟ್ಟಗಳನ್ನು ಬೇರೆಬೇರೆ ಪ್ರಮಾಣದಲ್ಲಿ.

ಪರಿಹಾರ ಸರಳವೂ ಹೌದು, ಕಷ್ಟದ್ದೂ ಹೌದು. ಎರಡೂ ಮಟ್ಟಗಳನ್ನು ಸಮಸಮವಾಗಿ ಸರಿಸುವ ಬೆಳಕಿನಲ್ಲಿ ಬೋನು ಕಟ್ಟಿದರೆ ಅಂತರ ಹಾಗೆಯೇ ಉಳಿಯುತ್ತದೆ. ಈ ಜಿಗಿತಕ್ಕೆ ಅಂಥ ತರಂಗಾಂತರ 319.8 ನ್ಯಾನೋಮೀಟರ್, ಅಂದರೆ ಅತಿನೇರಳೆ. ಅಲ್ಲಿ ಬೋನು ಕಟ್ಟುವಷ್ಟು ಬಲವಾದ ಲೇಸರನ್ನು ಗುಂಪು ತಾನೇ ತಯಾರಿಸಬೇಕಾಯಿತು. 2018ರಲ್ಲಿ ಬಂದ ಉತ್ತರ 19,25,10,70,21,48,720 ಹರ್ಟ್ಸ್, ಅನಿಶ್ಚಿತತೆ 200 ಹರ್ಟ್ಸ್. ಲಕ್ಷ ಕೋಟಿಯಲ್ಲಿ ಒಂದು ಪಾಲು.

ಕೇಂದ್ರದ ಗಾತ್ರ ಗೆರೆಯಲ್ಲಿ ಕಾಣುವ ಬಗೆ

ನ್ಯೂಕ್ಲಿಯಸ್ ಪರಮಾಣುವಿನ ಹತ್ತಾರು ಸಾವಿರದಲ್ಲೊಂದು ಪಾಲು. ಆದರೂ ಕೆಲವು ಸ್ಥಿತಿಗಳಲ್ಲಿ ಎಲೆಕ್ಟ್ರಾನ್ ಅದರೊಳಗೂ ಹೊಕ್ಕು ಹೊರಬರುತ್ತದೆ. ಒಳಗಿದ್ದಾಗ ಅದಕ್ಕೆ ಪೂರ್ತಿ ಎಳೆತ ಸಿಗುವುದಿಲ್ಲ, ಶಕ್ತಿ ತುಸು ಬದಲಾಗುತ್ತದೆ. 1083ರ ಜಿಗಿತದಲ್ಲಿ ಸಾಮಾನ್ಯ ಹೀಲಿಯಂನ, ಅಂದರೆ ಹೀಲಿಯಂ-4ರ, ನ್ಯೂಕ್ಲಿಯಸ್ಸಿನ ಗಾತ್ರದಿಂದ ಆಗುವ ವ್ಯತ್ಯಾಸ ಸುಮಾರು 3.4 ಮೆಗಾಹರ್ಟ್ಸ್. 1557ರದರಲ್ಲಿ ಅದು ಸುಮಾರು 0.6 ಮೆಗಾಹರ್ಟ್ಸ್. ಅಳತೆಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಗಾತ್ರವನ್ನು ಬೇರ್ಪಡಿಸಲು ಉಳಿದ ಎಲ್ಲ ತಿದ್ದುಪಡಿಗಳನ್ನೂ ಲೆಕ್ಕದಿಂದ ಕಳೆಯಬೇಕು, ಅವು ಅಷ್ಟು ನಿಖರವಾಗಿ ತಿಳಿದಿಲ್ಲ. ಇದಕ್ಕೊಂದು ಉಪಾಯ: ಎರಡು ಐಸೋಟೋಪುಗಳನ್ನು, ಅಂದರೆ ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆಯಾದ ಹೀಲಿಯಂಗಳನ್ನು, ಅಳೆದು ಒಂದರಿಂದೊಂದನ್ನು ಕಳೆಯುವುದು. ಎರಡಕ್ಕೂ ಸಮಾನವಾದ ಅನಿಶ್ಚಿತತೆ ಬಹುಪಾಲು ಹೊರಟುಹೋಗಿ, ಗಾತ್ರಗಳ ವ್ಯತ್ಯಾಸ ಕೈಗೆ ಸಿಗುತ್ತದೆ.

ಈ ಉಪಾಯದ ಅತಿ ಸುಂದರ ಫಲ, ನನ್ನ ಮಟ್ಟಿಗೆ, ಹೀಲಿಯಂ-6 ಮತ್ತು ಹೀಲಿಯಂ-8ರ ಅಳತೆ. ಹೀಲಿಯಂ-6ರಲ್ಲಿ ಸಾಮಾನ್ಯ ಹೀಲಿಯಂನ ನ್ಯೂಕ್ಲಿಯಸ್ಸಿಗೆ ಎರಡು ನ್ಯೂಟ್ರಾನುಗಳು ಸಡಿಲವಾಗಿ ಅಂಟಿಕೊಂಡಿರುತ್ತವೆ, ಹೀಲಿಯಂ-8ರಲ್ಲಿ ನಾಲ್ಕು. ಮೊದಲನೆಯದರ ಅರ್ಧಾಯುಷ್ಯ 0.8 ಸೆಕೆಂಡ್, ಎರಡನೆಯದರದು 0.12 ಸೆಕೆಂಡ್. ಅಷ್ಟರೊಳಗೆ ಅದನ್ನು ಸೃಷ್ಟಿಸಿ, ಅರೆಸ್ಥಿರ ಸ್ಥಿತಿಗೆ ಏರಿಸಿ, ನಿಧಾನಗೊಳಿಸಿ, ಬೋನಿನಲ್ಲಿ ಹಿಡಿದು, 389 ನ್ಯಾನೋಮೀಟರಿನಲ್ಲಿ ಅಳೆಯಬೇಕು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2004ರಲ್ಲಿ ಲಿಥಿಯಂ-7 ಕಿರಣವನ್ನು ಗ್ರಾಫೈಟಿಗೆ ಬಡಿದು ಹೀಲಿಯಂ-6 ಪಡೆದರು. ಬೋನಿಗೆ ಒಂದು ಸಲಕ್ಕೆ ಒಂದೇ ಪರಮಾಣು ಬೀಳುತ್ತಿತ್ತು, ಆ ಒಂದೊಂದನ್ನೇ ಮಾತಾಡಿಸಿದರು. ಹೀಲಿಯಂ-6 ಮತ್ತು 4ರ ಗೆರೆಗಳ ನಡುವೆ 43 ಗಿಗಾಹರ್ಟ್ಸ್ ಅಂತರವಿತ್ತು. ಅದರಲ್ಲಿ ಹೆಚ್ಚಿನದೆಲ್ಲ ತೂಕದ ವ್ಯತ್ಯಾಸದಿಂದ ಬಂದದ್ದು. ಗಾತ್ರದ ಪಾಲು ಸುಮಾರು ಒಂದೂವರೆ ಮೆಗಾಹರ್ಟ್ಸ್ ಮಾತ್ರ. ಡ್ರೇಕ್ ಅವರ ಲೆಕ್ಕ ಇಲ್ಲದಿದ್ದರೆ ಆ ಪುಟ್ಟ ಪಾಲನ್ನು ಬೇರ್ಪಡಿಸಲು ಆಗುತ್ತಲೇ ಇರಲಿಲ್ಲ. ಮೂರು ವರ್ಷಗಳ ನಂತರ ಅದೇ ಉಪಕರಣವನ್ನು ಫ್ರಾನ್ಸಿನ ಕಾನ್ ನಗರದ ಗ್ಯಾನಿಲ್ ವೇಗವರ್ಧಕಕ್ಕೆ ಸಾಗಿಸಿ ಹೀಲಿಯಂ-8ನ್ನೂ ಅಳೆದರು.

ಫಲಿತಾಂಶ ಬೆರಗಿನದು. ಹೀಲಿಯಂ-4ರ ವಿದ್ಯುದಾವೇಶದ ತ್ರಿಜ್ಯ 1.68 ಫೆಮ್ಟೋಮೀಟರ್, ಅಂದರೆ ಮೀಟರಿನ ನೂರು ಲಕ್ಷ ಕೋಟಿಯ ಒಂದು ಪಾಲನ್ನು ಮತ್ತೆ ಹತ್ತಾಗಿ ಹಂಚಿದ ಅಳತೆಯಲ್ಲಿ. ಹೀಲಿಯಂ-6ರದು 2.05. ಹೀಲಿಯಂ-8ರಲ್ಲಿ ನ್ಯೂಟ್ರಾನುಗಳು ಇನ್ನೂ ಹೆಚ್ಚು, ಆದರೆ ಅದರ ತ್ರಿಜ್ಯ 1.93, ಕಡಿಮೆ. ಕಾರಣವಿದೆ. ವಿದ್ಯುದಾವೇಶ ಇರುವುದು ನಡುವಿನ ತಿರುಳಿನಲ್ಲಿ ಮಾತ್ರ, ನ್ಯೂಟ್ರಾನಿನಲ್ಲಿಲ್ಲ. ಒಂದೇ ಸೊಂಟದಲ್ಲಿ ತುಂಬಿದ ಕೊಡ ಇಟ್ಟವರ ಮೈ ಇನ್ನೊಂದು ಕಡೆಗೆ ವಾಲುತ್ತದೆ, ಎರಡೂ ಕೈಯಲ್ಲಿ ಕೊಡಪಾನ ಹಿಡಿದವರು ನೆಟ್ಟಗೆ ನಡೆಯುತ್ತಾರೆ. ಹೀಲಿಯಂ-6ರ ಎರಡು ನ್ಯೂಟ್ರಾನುಗಳು ಹೆಚ್ಚಾಗಿ ಒಂದೇ ಕಡೆ ಇರುವುದರಿಂದ ತಿರುಳು ಎದುರು ದಿಕ್ಕಿಗೆ ಸರಿಯುತ್ತಾ ಅಗಲವಾಗಿ ಹರಡಿದಂತೆ ಕಾಣುತ್ತದೆ. ಹೀಲಿಯಂ-8ರ ನಾಲ್ಕು ನ್ಯೂಟ್ರಾನುಗಳು ಸುತ್ತಲೂ ಹಂಚಿಕೊಂಡಿರುವುದರಿಂದ ತಿರುಳಿನ ಓಲಾಟ ಕಡಿಮೆ. ಸೆಕೆಂಡಿನ ಎಂಟನೆಯ ಒಂದು ಭಾಗ ಬದುಕುವ ಒಂದು ನ್ಯೂಕ್ಲಿಯಸ್ಸಿನೊಳಗಿನ ಈ ಓಲಾಟವನ್ನು ಅದರ ಹೊರಗಿನ ಎಲೆಕ್ಟ್ರಾನಿನ ಬಣ್ಣದಿಂದ ಓದಿದ್ದಾರೆ.

ತಪ್ಪುಗಳ ಪಟ್ಟಿ

ಇಂಥ ಪ್ರಯೋಗದಲ್ಲಿ ಅಳೆಯುವ ಹೊತ್ತಿಗಿಂತ ಅಳತೆಯನ್ನು ಅನುಮಾನಿಸುವ ಹೊತ್ತೇ ಹೆಚ್ಚು. ಭೂಮಿಯ ಕಾಂತಕ್ಷೇತ್ರವೊಂದೇ ತ್ರಿಕ ಸ್ಥಿತಿಯ ಕೆಲವು ಉಪಮಟ್ಟಗಳನ್ನು ಒಂದು ಮೆಗಾಹರ್ಟ್ಸ್‌ಗೂ ಹೆಚ್ಚು ಸರಿಸಬಲ್ಲದು. ಅದಕ್ಕಾಗಿ ವಿಶೇಷ ಲೋಹದ ಕವಚ ಹಾಕಿ, ಕ್ಷೇತ್ರಕ್ಕೆ ಬಗ್ಗದ ಉಪಮಟ್ಟವನ್ನು ಆರಿಸುತ್ತಾರೆ. ಫೋಟಾನ್ ಹೀರಿದಾಗ ಪರಮಾಣು ಹಿಂದೊದೆಯುವುದಕ್ಕೆ 1083ರಲ್ಲಿ 42 ಕಿಲೋಹರ್ಟ್ಸ್ ಕಳೆಯಬೇಕು. ಇದು ಸೂತ್ರದಿಂದ ನಿಖರವಾಗಿ ಸಿಗುತ್ತದೆ, ಆತಂಕವಿಲ್ಲ. ಪರಮಾಣುಗಳ ಪರಸ್ಪರ ಡಿಕ್ಕಿಗೆ, ಲೇಸರಿನ ತೀವ್ರತೆಗೆ ಬೇರೆಬೇರೆ ತಿದ್ದುಪಡಿ. ತೀವ್ರತೆಯನ್ನು ಹೆಚ್ಚುಕಡಿಮೆ ಮಾಡಿ ಅಳೆದು, ಸೊನ್ನೆಯಾಗಿದ್ದರೆ ಎಷ್ಟು ಬರುತ್ತಿತ್ತು ಎಂದು ರೇಖೆ ಎಳೆದು ನೋಡುತ್ತಾರೆ.

ಪಟ್ಟಿಯಲ್ಲಿ ಇಲ್ಲದ ತಪ್ಪೇ ಅಪಾಯಕಾರಿ. 1083ರ ಗೆರೆಯನ್ನು 2004ರಲ್ಲಿ ಇಟಲಿಯ ಫ್ಲಾರೆನ್ಸಿನ ಗುಂಪು ಅಳೆದಿತ್ತು, 2017ರಲ್ಲಿ ಹೆಫೆಯ ಗುಂಪು ಅಳೆಯಿತು. ಎರಡರ ನಡುವೆ ಹತ್ತಾರು ಕಿಲೋಹರ್ಟ್ಸ್ ವ್ಯತ್ಯಾಸ, ಇಬ್ಬರೂ ಹೇಳಿದ ಅನಿಶ್ಚಿತತೆಗಿಂತ ಎಷ್ಟೋ ಹೆಚ್ಚು. ಹೆಫೆಯವರು ಬಿಡದೆ ಹುಡುಕಿದರು. ಅವರ ಉಪಕರಣದಲ್ಲಿ ಪರಮಾಣುಗಳು ಲೇಸರನ್ನು ದಾಟಿದ ಮೇಲೆ ಒಂದು ಸೀಳುಗಂಡಿಯ ಮೂಲಕ ಎಣಿಕೆಯ ಕಡೆಗೆ ಹೋಗುತ್ತವೆ. ಫೋಟಾನಿನ ಒದೆತಕ್ಕೆ ಪಕ್ಕಕ್ಕೆ ಸರಿದ ಪರಮಾಣು ಗಂಡಿಗೆ ತಪ್ಪಬಹುದು. ಹಾಗಾದರೆ ಎಣಿಕೆಗೆ ಸಿಗುವುದು ಎಲ್ಲ ಪರಮಾಣುಗಳ ನ್ಯಾಯವಾದ ಮಾದರಿಯಲ್ಲ, ಒಂದು ಬಗೆಯ ದಾರಿ ಹಿಡಿದವು ಮಾತ್ರ. ಎರಡು ಕಿರಣಗಳ ಡಾಪ್ಲರ್ ತಪ್ಪುಗಳು ಪರಸ್ಪರ ಕಳೆಯುತ್ತವೆ ಎಂಬ ಲೆಕ್ಕ ಅಲ್ಲಿ ಕೆಡುತ್ತದೆ. ಈ ಆಯ್ಕೆಯಿಂದ ಸುಮಾರು 55 ಕಿಲೋಹರ್ಟ್ಸ್ ಪಲ್ಲಟವಾಗುತ್ತದೆಂದು ಅವರು 2025ರಲ್ಲಿ ಪ್ರಕಟಿಸಿ ತಮ್ಮ ಹಿಂದಿನ ಸಂಖ್ಯೆಯನ್ನು ತಾವೇ ತಿದ್ದಿದರು. ವಿಜ್ಞಾನದಲ್ಲಿ ನಾನು ಅತ್ಯಂತ ಗೌರವಿಸುವ ಕೆಲಸಗಳಲ್ಲಿ ಇದೂ ಒಂದು.

ಮ್ಯುಯಾನ್ ಹೇಳುವ ಸಾಕ್ಷ್ಯ

ಗಾತ್ರವನ್ನು ತಿಳಿಯಲು ಇನ್ನೊಂದು ದಾರಿಯಿದೆ. ಎಲೆಕ್ಟ್ರಾನಿನ ಬದಲು ಅದರ 207 ಪಟ್ಟು ತೂಕದ ಮ್ಯುಯಾನನ್ನು ಹೀಲಿಯಂ ನ್ಯೂಕ್ಲಿಯಸ್ಸಿನ ಸುತ್ತ ಸುತ್ತಿಸುವುದು. ಅದು ಅಷ್ಟೇ ಪಟ್ಟು ಹತ್ತಿರದಲ್ಲಿ ಸುತ್ತುವುದರಿಂದ ನ್ಯೂಕ್ಲಿಯಸ್ಸಿನ ಗಾತ್ರ ಅದಕ್ಕೆ ಬಹಳ ಹೆಚ್ಚಾಗಿ ತಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ಹೀಗೆ ಅಳೆದು 2021ರಲ್ಲಿ ಪ್ರಕಟಿಸಿದ ಹೀಲಿಯಂ-4ರ ತ್ರಿಜ್ಯ 1.67824 ಫೆಮ್ಟೋಮೀಟರ್. 2010ರಲ್ಲಿ ಇದೇ ಸಂಸ್ಥೆಯಲ್ಲಿ ಪ್ರೋಟಾನನ್ನು ಮ್ಯುಯಾನಿನಿಂದ ಅಳೆದಾಗ ಅದು ಎಲ್ಲರೂ ಒಪ್ಪಿದ್ದಕ್ಕಿಂತ ಶೇಕಡಾ ನಾಲ್ಕರಷ್ಟು ಚಿಕ್ಕದಾಗಿ ಕಂಡು ದೊಡ್ಡ ಕೋಲಾಹಲವೆದ್ದಿತ್ತು. ಹಾಗಾಗಿ ಹೀಲಿಯಂನಲ್ಲಿ ಎಲೆಕ್ಟ್ರಾನ್ ಮತ್ತು ಮ್ಯುಯಾನ್ ಒಂದೇ ಉತ್ತರ ಹೇಳುತ್ತವೆಯೇ ಎಂಬುದು ತುರ್ತಿನ ಪ್ರಶ್ನೆಯಾಯಿತು.

ಆಮ್‌ಸ್ಟರ್‌ಡ್ಯಾಮ್ ಗುಂಪು ಹೀಲಿಯಂ-3ರಲ್ಲೂ 1557ರ ಗೆರೆಯನ್ನು ಅಳೆಯಿತು. ಹೀಲಿಯಂ-3ರ ಪರಮಾಣುಗಳು ಒಂದೇ ಸ್ಥಿತಿಯನ್ನು ಹಂಚಿಕೊಳ್ಳಲಾರದ ಜಾತಿಯವು. ಅದರಿಂದ ಎಷ್ಟು ತಣ್ಣಗಾದರೂ ಅವುಗಳ ವೇಗ ಹರಡಿಯೇ ಇರುತ್ತದೆ, ಪ್ರಯೋಗ ಇನ್ನೂ ಕಠಿಣ. ಎರಡು ಐಸೋಟೋಪುಗಳ ಗಾತ್ರದ ವ್ಯತ್ಯಾಸ ಮೊದಲು ಮ್ಯುಯಾನಿನ ಉತ್ತರಕ್ಕೆ ಹೊಂದಲಿಲ್ಲ. ಆಮೇಲೆ ಸಿದ್ಧಾಂತಿಗಳು ಹೀಲಿಯಂ-3ರ ನ್ಯೂಕ್ಲಿಯಸ್ಸಿನ ಸ್ಪಿನ್ ಮಟ್ಟಗಳನ್ನು ಒಂದಕ್ಕೊಂದು ಬೆರೆಸುವ, ಅದುವರೆಗೆ ಪೂರ್ತಿ ಲೆಕ್ಕಕ್ಕೆ ಬಾರದ ಒಂದು ಪರಿಣಾಮವನ್ನು ಸೇರಿಸಿದಾಗ ಎರಡೂ ಒಂದಕ್ಕೊಂದು ಹತ್ತಿರವಾದವು. ಎಲೆಕ್ಟ್ರಾನ್ ಮತ್ತು ಮ್ಯುಯಾನ್ ಬೇರೆ ನಿಯಮಕ್ಕೆ ಒಳಪಟ್ಟಿವೆ ಎನ್ನಲು ಹೀಲಿಯಂನಲ್ಲಿ ಈಗ ಆಧಾರವಿಲ್ಲ.

ಹೊಂದದ ಅರ್ಧ ಮೆಗಾಹರ್ಟ್ಸ್

ಸಿದ್ಧಾಂತದ ಕಡೆಯಲ್ಲಿ ವಾರ್ಸಾದ ಕ್ರಿಸ್ಟೋಫ್ ಪಾಖುಟ್ಸ್ಕಿ, ಅವರ ಸಹಲೇಖಕರಾದ ಪಾಟ್ಕೋಶ್ ಮತ್ತು ಯೆರೋಖಿನ್ ಹಲವು ವರ್ಷ ದುಡಿದು 2021ರಲ್ಲಿ ತ್ರಿಕ ಸ್ಥಿತಿಗಳಿಗೆ ಹಿಂದೆ ಯಾರೂ ಮುಟ್ಟದ ಹಂತದ ತಿದ್ದುಪಡಿಗಳನ್ನು ಪೂರೈಸಿದರು. 1083ರ ಜಿಗಿತಕ್ಕೆ ಅವರ ಲೆಕ್ಕ ಪ್ರಯೋಗಕ್ಕೆ ಚೆನ್ನಾಗಿ ಹೊಂದಿತು. ಇನ್ನೂ ಮೇಲಿನ ಮಟ್ಟಕ್ಕೆ ಹೋಗುವ ಜಿಗಿತಗಳಿಗೆ ಹೊಂದಲಿಲ್ಲ. ಆ ಜಿಗಿತಗಳಲ್ಲಿ ಸೂರ್ಯನ 587.6ರ ಹಳದಿ ಗೆರೆಯೂ ಸೇರಿದೆ.

ಜ್ಯೂರಿಕ್‌ನ ಇಟಿಹೆಚ್ ವಿಶ್ವವಿದ್ಯಾಲಯದಲ್ಲಿ ಫ್ರೆಡೆರಿಕ್ ಮೆರ್ಕ್ಟ್ ಅವರ ಗುಂಪು ಬೇರೊಂದು ದಿಕ್ಕಿನಿಂದ ಬಂದಿತು. ಅರೆಸ್ಥಿರ ಹೀಲಿಯಂನ ಒಂದು ಎಲೆಕ್ಟ್ರಾನನ್ನು ನ್ಯೂಕ್ಲಿಯಸ್ಸಿನಿಂದ ಬಹುದೂರದ ಮಟ್ಟಗಳಿಗೆ ಏರಿಸುತ್ತಾ ಹೋದರೆ ಆ ಮಟ್ಟಗಳು ಒಂದು ಮಿತಿಯ ಕಡೆಗೆ ಒತ್ತಾಗುತ್ತವೆ. ಆ ಮಿತಿಯೇ ಎಲೆಕ್ಟ್ರಾನ್ ಪೂರ್ತಿ ಕಳಚಿಹೋಗುವ ಶಕ್ತಿ. ಅಷ್ಟು ದೂರದ ಎಲೆಕ್ಟ್ರಾನಿಗೆ ಒಳಗಿನ ಜಟಿಲತೆ ತಟ್ಟುವುದಿಲ್ಲ, ಆದ್ದರಿಂದ ಅವರು ಪಡೆದ ಸಂಖ್ಯೆಯಲ್ಲಿ ತ್ರಿಕ ಅರೆಸ್ಥಿರ ಮಟ್ಟದ ಶಕ್ತಿ ನೇರವಾಗಿ ಸಿಗುತ್ತದೆ. 2025ರ ಅವರ ಉತ್ತರ ಸಿದ್ಧಾಂತಕ್ಕಿಂತ ಸುಮಾರು ಅರ್ಧ ಮೆಗಾಹರ್ಟ್ಸ್ ಹೆಚ್ಚು. ಎರಡೂ ಕಡೆಯ ಅನಿಶ್ಚಿತತೆಯನ್ನು ಒಟ್ಟು ಸೇರಿಸಿದರೆ ಬರುವ ಮೊತ್ತದ ಒಂಬತ್ತು ಪಟ್ಟು. ಭೌತವಿಜ್ಞಾನದಲ್ಲಿ ಐದು ಪಟ್ಟು ದಾಟಿದ ವ್ಯತ್ಯಾಸವನ್ನು ಆಕಸ್ಮಿಕವೆಂದು ತಳ್ಳಿಹಾಕುವುದಿಲ್ಲ.

1083ರ ಜಿಗಿತ ಏಕೆ ಹೊಂದಿತು ಎಂಬುದಕ್ಕೂ ಇಲ್ಲಿ ಸುಳಿವಿದೆ. ಕೆಳಗಿನ ಮಟ್ಟಕ್ಕೂ ಮೇಲಿನ ಮಟ್ಟಕ್ಕೂ ಲೆಕ್ಕದಲ್ಲಿ ಸರಿಸುಮಾರು ಒಂದೇ ಪ್ರಮಾಣದ ಕೊರತೆ ಇದ್ದರೆ, ಅವುಗಳ ಅಂತರದಲ್ಲಿ ಅದು ಕಾಣುವುದೇ ಇಲ್ಲ. ಕೊರತೆ ಎಲ್ಲಿದೆ? ಲೆಕ್ಕದಲ್ಲಿ ಯಾವುದಾದರೂ ಪದ ತಪ್ಪಿದೆ ಎಂಬುದೇ ಹೆಚ್ಚು ಸಂಭವನೀಯ ಎಂದು ನನಗನಿಸುತ್ತದೆ, ಏಕೆಂದರೆ ಬೇರೆಬೇರೆ ವಿಧಾನದ ಪ್ರಯೋಗಗಳು ಒಂದೇ ದಿಕ್ಕಿಗೆ ಬೆರಳು ತೋರುತ್ತಿವೆ. ಹೊಸ ಬಲವೊಂದರ ಕುರುಹೆಂದು ಈಗಲೇ ಸಾರುವುದು ಅವಸರ.

ಈ ಅರ್ಧ ಮೆಗಾಹರ್ಟ್ಸ್‌ನ ಬೆಲೆಯನ್ನು ಅಳೆಯುವುದು ಸುಲಭ. 1083ರ ಜಿಗಿತದಲ್ಲಿ ನ್ಯೂಕ್ಲಿಯಸ್ಸಿನ ಗಾತ್ರದ ಒಟ್ಟು ಪಾಲೇ 3.4 ಮೆಗಾಹರ್ಟ್ಸ್. ಆದ್ದರಿಂದ ಈ ವ್ಯತ್ಯಾಸ ಬಗೆಹರಿಯುವವರೆಗೆ ಮ್ಯುಯಾನಿನ ನೆರವಿಲ್ಲದೆ, ಐಸೋಟೋಪುಗಳನ್ನು ಕಳೆಯುವ ಉಪಾಯವಿಲ್ಲದೆ, ಸಾಮಾನ್ಯ ಹೀಲಿಯಂ ಪರಮಾಣುವೊಂದರಿಂದಲೇ ಅದರ ನ್ಯೂಕ್ಲಿಯಸ್ಸಿನ ತ್ರಿಜ್ಯವನ್ನು ನಂಬಿಕೆಯಿಂದ ಹೇಳಲು ಬರುವುದಿಲ್ಲ.